ಹತ್ತು ಲಕ್ಷದ ಸಾಲು: ಆರ್‌ಸಿಬಿ ಮಹಿಳಾ ತಂಡ ನಾಲ್ಕನೇ ಸ್ಥಾನದಿಂದ ಕಪ್‌ಗೆ ಹೋದದ್ದು, ಮತ್ತೆ ನಾಲ್ಕಕ್ಕೆ ಇಳಿದದ್ದು

ಮಹಿಳಾ ಪ್ರೀಮಿಯರ್ ಲೀಗ್‌ನ (ಡಬ್ಲ್ಯುಪಿಎಲ್) ಮೊದಲ ಹರಾಜು ನಡೆದದ್ದು 2023ರ ಫೆಬ್ರುವರಿ 13ರಂದು, ಮುಂಬೈನಲ್ಲಿ. ಮೊದಲು ಕೂಗಿದ ಹೆಸರೇ ಸ್ಮೃತಿ ಮಂದಾನ. ಮುಂಬೈ ಜೊತೆ ಪೈಪೋಟಿಗೆ ಬಿದ್ದ ಆರ್‌ಸಿಬಿ 3.40 ಕೋಟಿ ರೂಪಾಯಿಗೆ ಅವರನ್ನು ತನ್ನದಾಗಿಸಿಕೊಂಡಿತು. ಅವತ್ತಿನ ಅತಿ ದುಬಾರಿ ಬಿಕರಿ ಅದೇ. ಹರಾಜು ಮುಗಿಯುವ ಹೊತ್ತಿಗೆ ಅದೇ ತಂಡ ಮೂಲಬೆಲೆಗೆ, ಅಂದರೆ ತಲಾ 10 ಲಕ್ಷಕ್ಕೆ, ಆರು ಮಂದಿಯನ್ನು ಸೇರಿಸಿಕೊಂಡಿತ್ತು. ಆ ಆರರಲ್ಲಿ ಬೆಂಗಳೂರಿನ ಆಫ್ ಸ್ಪಿನ್ನರ್ ಶ್ರೇಯಾಂಕಾ ಪಾಟೀಲ ಮತ್ತು ಕೇರಳದ ಲೆಗ್ ಸ್ಪಿನ್ನರ್ ಆಶಾ ಶೋಭನಾ ಇದ್ದರು. ಮರುದಿನದ ಸುದ್ದಿಯೆಲ್ಲ 3.40 ಕೋಟಿಯದ್ದು. ಹದಿಮೂರು ತಿಂಗಳ ನಂತರ ಕಪ್ ತಂದುಕೊಟ್ಟ ವಿಕೆಟ್‌ಗಳು ಬಂದದ್ದು ಹತ್ತು ಲಕ್ಷದ ಸಾಲಿನಿಂದ.

ಈ ಅಧ್ಯಯನ ಆ ಒಂದು ತಂಡದ ಮೂರು ಸೀಸನ್‌ಗಳದ್ದು: 2023ರಲ್ಲಿ ನಾಲ್ಕನೇ ಸ್ಥಾನ, 2024ರಲ್ಲಿ ಚಾಂಪಿಯನ್, 2025ರಲ್ಲಿ ಮತ್ತೆ ನಾಲ್ಕನೇ ಸ್ಥಾನ. ನಾಯಕಿ ಮಂದಾನ ಬದಲಾಗಲಿಲ್ಲ, ದುಬಾರಿ ನಾಲ್ವರೂ ಬದಲಾಗಲಿಲ್ಲ. ಬದಲಾದದ್ದು ಬೇರೆ.

ಹಣ ಎಲ್ಲಿಂದ, ಎಷ್ಟು

ಡಬ್ಲ್ಯುಪಿಎಲ್ ಏಕಾಏಕಿ ಹುಟ್ಟಿದ್ದಲ್ಲ, ಹಾಗಂತ ಬೇಗ ಹುಟ್ಟಿದ್ದೂ ಅಲ್ಲ. ಆಸ್ಟ್ರೇಲಿಯಾದ ಮಹಿಳಾ ಬಿಗ್ ಬ್ಯಾಷ್ 2015–16ರಲ್ಲೇ ಎಂಟು ತಂಡಗಳೊಂದಿಗೆ ಶುರುವಾಗಿತ್ತು. ಇಂಗ್ಲೆಂಡ್‌ನಲ್ಲಿ 2016ರಿಂದ ಕಿಯಾ ಸೂಪರ್ ಲೀಗ್ ಇತ್ತು, 2021ರಿಂದ ದಿ ಹಂಡ್ರೆಡ್ ಬಂತು. ಭಾರತದಲ್ಲಿ 2018ರಲ್ಲಿ ಐಪಿಎಲ್ ಪ್ಲೇಆಫ್ ದಿನ ವಾಂಖೆಡೆಯಲ್ಲಿ ಒಂದೇ ಒಂದು ಪ್ರದರ್ಶನ ಪಂದ್ಯ ಆಡಿಸಿದರು. ಆಮೇಲೆ ಮೂರು ತಂಡಗಳ ‘ಟಿ20 ಚಾಲೆಂಜ್’ 2019ರಲ್ಲಿ ಜೈಪುರದಲ್ಲಿ, 2020ರಲ್ಲಿ ಶಾರ್ಜಾದಲ್ಲಿ, 2022ರಲ್ಲಿ ಪುಣೆಯಲ್ಲಿ ನಡೆಯಿತು. 2021ರಲ್ಲಿ ಅದೂ ಇಲ್ಲ. ಹೀಗೆ ಐದು ವರ್ಷ ಕುಂಟಿದ ಮೇಲೆ 2023ರ ಜನವರಿಯಲ್ಲಿ ಹತ್ತೇ ದಿನದ ಅಂತರದಲ್ಲಿ ಎರಡು ದೊಡ್ಡ ವ್ಯವಹಾರ ಮುಗಿದವು. ಐದು ವರ್ಷಗಳ ಪ್ರಸಾರ ಹಕ್ಕನ್ನು ವಯಾಕಾಮ್18 ಸಂಸ್ಥೆ 951 ಕೋಟಿಗೆ ಪಡೆಯಿತು. ಜನವರಿ 25ರಂದು ಐದು ತಂಡಗಳು ಒಟ್ಟು 4,669.99 ಕೋಟಿಗೆ ಮಾರಾಟವಾದವು: ಅಹಮದಾಬಾದ್ (ಗುಜರಾತ್ ತಂಡ) 1,289 ಕೋಟಿ, ಮುಂಬೈ 912.99, ಬೆಂಗಳೂರು 901, ದೆಹಲಿ 810, ಲಖನೌ (ಯುಪಿ ವಾರಿಯರ್ಸ್ ತಂಡ) 757.

ಬೆಂಗಳೂರಿನ 901 ಕೋಟಿಯನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 90 ಕೋಟಿ. ಪ್ರಸಾರ ಹಕ್ಕಿನ ಇಡೀ ಮೊತ್ತ ವರ್ಷಕ್ಕೆ 190 ಕೋಟಿ, ಅದನ್ನು ಪೂರ್ತಿಯಾಗಿ ಐದು ತಂಡಕ್ಕೇ ಹಂಚಿದರೂ ತಲಾ 38 ಕೋಟಿ. ಅಂದರೆ ಮಾಲೀಕರು ಕೊಂಡದ್ದು ಇವತ್ತಿನ ಆದಾಯವನ್ನಲ್ಲ, ಹತ್ತು ವರ್ಷದ ಆಚೆಯ ಬೆಲೆಯನ್ನು. ಇಷ್ಟು ಸುರಿದವರಿಗೆ ಆಟಗಾರ್ತಿಯರ ಮೇಲೆ ಖರ್ಚು ಮಾಡಲು ಬಿಟ್ಟ ಮಿತಿ ಮಾತ್ರ ತಂಡಕ್ಕೆ 12 ಕೋಟಿ. ಈ ಲೀಗ್‌ನ ಸ್ವಭಾವ ಅರ್ಥವಾಗಬೇಕಾದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎಷ್ಟೇ ಶ್ರೀಮಂತ ಮಾಲೀಕರಾದರೂ ಹರಾಜಿನ ಮೇಜಿನಲ್ಲಿ ಎಲ್ಲರೂ ಒಂದೇ. ದುಡ್ಡಿನಿಂದ ಗೆಲ್ಲುವ ದಾರಿ ಮುಚ್ಚಿದ ಮೇಲೆ ಉಳಿಯುವುದು ಲೆಕ್ಕದಿಂದ ಗೆಲ್ಲುವ ದಾರಿ.

ಆಟಗಾರ್ತಿಯರ ಕಡೆಯಿಂದ ನೋಡಿದರೆ ಹಣದ ಅಳತೆಯೇ ಬೇರೆ. ಆಗ ಬಿಸಿಸಿಐನ ಮಹಿಳಾ ‘ಎ’ ದರ್ಜೆಯ ವಾರ್ಷಿಕ ಒಪ್ಪಂದ 50 ಲಕ್ಷ ರೂಪಾಯಿ. ದೇಶಿ ಕ್ರಿಕೆಟ್‌ನಲ್ಲಿ ಸೀನಿಯರ್ ಆಟಗಾರ್ತಿಗೆ ದಿನಕ್ಕೆ 20 ಸಾವಿರ. ಹರಾಜಿನ ಅತಿ ಕಡಿಮೆ ಬೆಲೆಯಾದ 10 ಲಕ್ಷ ಎಂದರೂ ರಾಜ್ಯ ತಂಡಕ್ಕೆ 50 ದಿನ ಆಡಿದ ಸಂಭಾವನೆ. ಒಂದೇ ವರ್ಷದಲ್ಲಿ ಅಷ್ಟು ದಿನ ಆಡಲು ಯಾರಿಗೂ ಪಂದ್ಯಗಳೇ ಸಿಗುತ್ತಿರಲಿಲ್ಲ.

ಮೊದಲ ಬುಟ್ಟಿ

ನಿಯಮ ಹೀಗಿತ್ತು. ತಂಡದಲ್ಲಿ ಕನಿಷ್ಠ 15, ಗರಿಷ್ಠ 18 ಮಂದಿ. ವಿದೇಶಿಯರು ಆರಕ್ಕಿಂತ ಹೆಚ್ಚಿರಬಾರದು. ಆಡುವ ಹನ್ನೊಂದರಲ್ಲಿ ನಾಲ್ವರು ವಿದೇಶಿಯರು. ಐದನೆಯವರಿಗೆ ಅವಕಾಶ ಇತ್ತು, ಆದರೆ ಅವರು ಐಸಿಸಿ ಸಹ ಸದಸ್ಯ ದೇಶದವರಾಗಿರಬೇಕು, ಅಂದರೆ ಅಮೆರಿಕದಂತೆ ಟೆಸ್ಟ್ ಮಾನ್ಯತೆ ಇಲ್ಲದ ದೇಶದವರು. ಭಾರತಕ್ಕೆ ಆಡಿದವರ ಮೂಲಬೆಲೆ 30, 40 ಅಥವಾ 50 ಲಕ್ಷ. ಆಡದವರದ್ದು 10 ಅಥವಾ 20 ಲಕ್ಷ.

ಆರ್‌ಸಿಬಿ ಮಂದಾನ (3.40 ಕೋಟಿ), ರಿಚಾ ಘೋಷ್ (1.90), ಎಲಿಸ್ ಪೆರ್ರಿ (1.70), ರೇಣುಕಾ ಸಿಂಗ್ (1.50) ಈ ನಾಲ್ವರ ಮೇಲೆಯೇ 8.50 ಕೋಟಿ ಹಾಕಿತು. ಒಟ್ಟು ಚೀಲದ ನೂರಕ್ಕೆ 71 ಭಾಗ ಅಲ್ಲಿಗೇ ಖಾಲಿ. ಉಳಿದ ಮೂರೂವರೆ ಕೋಟಿಯಲ್ಲಿ 14 ಮಂದಿ ಬರಬೇಕು. ಅದರಲ್ಲಿ ಸೋಫಿ ಡಿವೈನ್ 50 ಲಕ್ಷಕ್ಕೆ, ಹೀದರ್ ನೈಟ್ ಮತ್ತು ಮೇಗನ್ ಶುಟ್ ತಲಾ 40 ಲಕ್ಷಕ್ಕೆ ಸಿಕ್ಕರು. ನ್ಯೂಜಿಲೆಂಡ್ ನಾಯಕಿ ಮತ್ತು ಇಂಗ್ಲೆಂಡ್ ನಾಯಕಿ ಇಬ್ಬರಿಗೂ ಸೇರಿ 90 ಲಕ್ಷ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಖರೀದಿ ಆ ದಿನ ಯಾರೂ ಮಾಡಲಿಲ್ಲ. ಒಟ್ಟು 11.90 ಕೋಟಿ ಖರ್ಚು, 10 ಲಕ್ಷ ಉಳಿಕೆ, 18 ಮಂದಿ, ಆರು ವಿದೇಶಿಯರು. ಒಂದು ಖಾನೆಯೂ ಖಾಲಿ ಇಲ್ಲ.

ಆ ಬುಟ್ಟಿಯ ದೋಷ ಬೆಲೆಯಲ್ಲಿರಲಿಲ್ಲ, ಜೋಡಣೆಯಲ್ಲಿತ್ತು. ಬೌಲಿಂಗ್‌ಗೆ ಹಾಕಿದ ದುಡ್ಡೆಲ್ಲ ಹೊಸ ಚೆಂಡಿನ ಕಡೆ ಹೋಗಿತ್ತು. ರೇಣುಕಾ, ಶುಟ್ ಇಬ್ಬರೂ ಸ್ವಿಂಗ್ ಬೌಲರ್‌ಗಳು. ಪೆರ್ರಿ, ಡಿವೈನ್ ಮಧ್ಯಮ ವೇಗಿಗಳು. ಹರಾಜಿನಲ್ಲಿ ದುಡ್ಡು ಕೊಟ್ಟು ಕೊಂಡ ಬೌಲರ್‌ಗಳಲ್ಲಿ ಏಳರಿಂದ ಹದಿನೈದನೇ ಓವರ್ ತನಕ ವಿಕೆಟ್ ತೆಗೆಯುವುದೇ ಕೆಲಸ ಎನ್ನುವವರು ಕಾಣಿಸಲಿಲ್ಲ. ಸ್ಪಿನ್ನರ್‌ಗಳು ತಂಡದಲ್ಲಿ ಇದ್ದರು, ಆದರೆ ಹೆಚ್ಚಿನವರು 10–30 ಲಕ್ಷದ ಸಾಲಿನಲ್ಲಿ, ‘ಸಂಖ್ಯೆ ತುಂಬಲು’ ಎಂಬಂತೆ.

ಒಂಬತ್ತು ದಿನ, ಐದು ಸೋಲು

ಹರಾಜಿಗೂ ಲೀಗ್‌ಗೂ ನಡುವೆ 19 ದಿನ. ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾದ ಟಿ20 ವಿಶ್ವಕಪ್‌ಗೆ ಹೋಯಿತು. ಹರಾಜು ನಡೆದಾಗಲೇ ಭಾರತ ತಂಡ ಅಲ್ಲಿತ್ತು, ಮಂದಾನ ತಮ್ಮ ಬೆಲೆ ಏರಿದ್ದನ್ನು ಟಿವಿಯಲ್ಲಿ ನೋಡಿದ್ದು. ವಿಶ್ವಕಪ್ ಫೈನಲ್ ಫೆಬ್ರುವರಿ 26ಕ್ಕೆ. ಆರ್‌ಸಿಬಿಯ ಮೊದಲ ಪಂದ್ಯ ಮಾರ್ಚ್ 5ಕ್ಕೆ. ಒಬ್ಬರ ಬೌಲಿಂಗ್ ಇನ್ನೊಬ್ಬರಿಗೆ ಪರಿಚಯವಾಗುವಷ್ಟೂ ಸಮಯ ಸಿಗಲಿಲ್ಲ.

ಆಮೇಲೆ ಬಂದದ್ದು ವೇಳಾಪಟ್ಟಿಯ ಪೆಟ್ಟು. ಮಾರ್ಚ್ 5, 6, 8, 10, 13: ಒಂಬತ್ತು ದಿನದಲ್ಲಿ ಐದು ಪಂದ್ಯ, ಐದೂ ಸೋಲು. ಇಡೀ ಲೀಗ್ ಬ್ರೇಬೋರ್ನ್ ಮತ್ತು ಡಿ.ವೈ. ಪಾಟೀಲ್ ಮೈದಾನಗಳಲ್ಲಿ. ಬ್ಯಾಟಿಂಗ್‌ಗೆ ಹೇಳಿಮಾಡಿಸಿದ ಪಿಚ್, ಬೌಂಡರಿ ಗೆರೆಯೂ ಹತ್ತಿರಕ್ಕೆ ಎಳೆದದ್ದು. ಇಂಥ ಕಡೆ ರನ್ ತಡೆಯುವ ಬೌಲರ್ ಎಂಬುವರೇ ಇಲ್ಲ. ತಡೆಯುವ ಒಂದೇ ಉಪಾಯ ವಿಕೆಟ್ ತೆಗೆಯುವುದು.

ಆರ್‌ಸಿಬಿ ತೆಗೆದ ವಿಕೆಟ್‌ಗಳನ್ನು ಎಣಿಸಿ ನೋಡಿ. ಮಾರ್ಚ್ 5: ದೆಹಲಿ 2 ವಿಕೆಟ್‌ಗೆ 223. ಮಾರ್ಚ್ 6: ಮುಂಬೈ 14.2 ಓವರ್‌ಗಳಲ್ಲಿ 1 ವಿಕೆಟ್‌ಗೆ 159. ಮಾರ್ಚ್ 10: ಯುಪಿ ವಾರಿಯರ್ಸ್ 13 ಓವರ್‌ಗಳಲ್ಲಿ ವಿಕೆಟ್ ನಷ್ಟವಿಲ್ಲದೆ 139, ಅದರಲ್ಲಿ ಅಲಿಸಾ ಹೀಲಿ ಒಬ್ಬರದ್ದೇ ಅಜೇಯ 96. ಮೂರು ಪಂದ್ಯ, 284 ಎಸೆತ, 521 ರನ್, ಮೂರೇ ವಿಕೆಟ್. ಸರಾಸರಿ 95 ಎಸೆತಕ್ಕೊಂದು. ದೆಹಲಿಯ ವಿರುದ್ಧ ಬಿದ್ದ ಆ ಎರಡು ವಿಕೆಟ್ ಕೂಡ 162 ರನ್‌ಗಳ ಜೊತೆಯಾಟ ಮುಗಿದ ಮೇಲೆ, ನೈಟ್ ಅವರ ಒಂದೇ ಓವರ್‌ನಲ್ಲಿ ಬಂದದ್ದು. ಅದು ಆಫ್ ಸ್ಪಿನ್. ಸುಳಿವು ಮೊದಲ ಸಂಜೆಯೇ ಸಿಕ್ಕಿತ್ತು ಎನ್ನಬೇಕು.

ಬ್ಯಾಟಿಂಗ್ ಅಷ್ಟೇನೂ ಕೆಟ್ಟಿರಲಿಲ್ಲ. ಗುಜರಾತ್ ವಿರುದ್ಧ ಮಾರ್ಚ್ 8ರಂದು 201ನ್ನು ಬೆನ್ನಟ್ಟಿ 190 ತನಕ ಬಂದರು. ಹತ್ತು ದಿನದ ಬಳಿಕ ಅದೇ ತಂಡದ ವಿರುದ್ಧ ಡಿವೈನ್ 36 ಎಸೆತದಲ್ಲಿ 99 ಹೊಡೆದರು, ತಂಡ 189ರ ಗುರಿಯನ್ನು 15.3 ಓವರ್‌ಗಳಲ್ಲೇ ಮುಟ್ಟಿತು. ಆದರೆ ನಾಯಕಿ ಮಂದಾನ ಎಂಟು ಇನಿಂಗ್ಸ್‌ಗಳಲ್ಲಿ ಸೇರಿಸಿದ್ದು 149 ರನ್ ಮಾತ್ರ. ಎರಡು ಗೆಲುವು, ಆರು ಸೋಲು, ನಾಲ್ಕು ಅಂಕ. ಗುಜರಾತ್‌ಗೂ ಅಷ್ಟೇ ಅಂಕ. ರನ್‌ರೇಟ್ ಲೆಕ್ಕದಲ್ಲಿ ಆರ್‌ಸಿಬಿ ನಾಲ್ಕನೆಯದು, ಅಂದರೆ ಕೊನೆಯಿಂದ ಎರಡನೆಯದು.

ಎದುರಾಳಿಗಳ ಎರಡು ಖರೀದಿಗಳು ಇಲ್ಲಿ ಪಾಠದಂತಿವೆ. ಆರ್‌ಸಿಬಿಯ ಮೊದಲ ಪಂದ್ಯದಲ್ಲಿ ದೆಹಲಿಯ ಪರ ಐದು ವಿಕೆಟ್ ಕಿತ್ತವರು ಅಮೆರಿಕದ ಎಡಗೈ ವೇಗಿ ತಾರಾ ನಾರಿಸ್. ಐದನೇ ವಿದೇಶಿ ಎಂಬ ನಿಯಮವನ್ನು ಆ ಸೀಸನ್‌ನಲ್ಲಿ ಬಳಸಿಕೊಂಡ ತಂಡ ದೆಹಲಿ ಮಾತ್ರ. ಇನ್ನು ಚಾಂಪಿಯನ್ ಮುಂಬೈ ನ್ಯಾಟ್ ಸಿವರ್-ಬ್ರಂಟ್‌ಗೆ 3.20 ಕೋಟಿ ಕೊಟ್ಟಿತ್ತು ನಿಜ. ಆದರೆ 15 ವಿಕೆಟ್ ತೆಗೆದ ಬಂಗಾಳದ ಎಡಗೈ ಸ್ಪಿನ್ನರ್ ಸೈಕಾ ಇಶಾಕ್‌ಗೆ ಕೊಟ್ಟದ್ದು 10 ಲಕ್ಷ. ಕಪ್ ಗೆಲ್ಲುವ ತಂಡದಲ್ಲಿ ಮೂಲಬೆಲೆಯ ದೇಶಿ ಸ್ಪಿನ್ನರ್ ಒಬ್ಬರು ಮುಂಚೂಣಿಯಲ್ಲಿರುತ್ತಾರೆ ಎಂಬುದು ಮೊದಲ ವರ್ಷವೇ ಕಂಡದ್ದು.

ದುರಸ್ತಿ

ಸೋತ ತಂಡಗಳು ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ ದುಬಾರಿ ಆಟಗಾರರನ್ನು ಬಿಟ್ಟು ಹೊಸದಾಗಿ ಶುರು ಮಾಡುವುದು. ಆರ್‌ಸಿಬಿ ಅದನ್ನು ಮಾಡಲಿಲ್ಲ. 2023ರ ಅಕ್ಟೋಬರ್‌ನಲ್ಲಿ 11 ಮಂದಿಯನ್ನು ಉಳಿಸಿಕೊಂಡಿತು, ದುಬಾರಿ ನಾಲ್ವರೂ ಅದರಲ್ಲಿ ಸೇರಿದ್ದರು. ಬಿಟ್ಟದ್ದು ಏಳು ಮಂದಿಯನ್ನು: ಶುಟ್, ಡೇನ್ ವ್ಯಾನ್ ನೀಕರ್ಕ್, ಎರಿನ್ ಬರ್ನ್ಸ್, ಪ್ರೀತಿ ಬೋಸ್, ಕೋಮಲ್ ಝಂಝದ್, ಪೂನಂ ಖೇಮ್ನಾರ್, ಸಹನಾ ಪವಾರ್. ಹತ್ತು ಲಕ್ಷದ ಆರು ಮಂದಿಯಲ್ಲಿ ಶ್ರೇಯಾಂಕಾ, ಆಶಾ ಸೇರಿ ನಾಲ್ವರು ಉಳಿದರು. ಉಳಿಸಿಕೊಂಡವರ ಒಟ್ಟು ಬೆಲೆ 10.15 ಕೋಟಿ. ಮಿತಿ 13.50 ಕೋಟಿಗೆ ಏರಿದ್ದರಿಂದ ಕೈಯಲ್ಲಿ 3.35 ಕೋಟಿ, ತುಂಬಬೇಕಾದ ಖಾನೆ ಏಳು, ಅದರಲ್ಲಿ ವಿದೇಶಿ ಮೂರು. ಕೋಚ್ ಬದಲಾದರು. ಬೆನ್ ಸಾಯರ್ ಜಾಗಕ್ಕೆ ಬಂದವರು ಬಿಗ್ ಬ್ಯಾಷ್‌ನ ಅಡಿಲೇಡ್ ಸ್ಟ್ರೈಕರ್ಸ್ ತಂಡದ ಕೋಚ್ ಲ್ಯೂಕ್ ವಿಲಿಯಮ್ಸ್.

ಡಿಸೆಂಬರ್ 9ರ ಹರಾಜಿನಲ್ಲಿ ಸದ್ದು ಮಾಡಿದವರು ಬೇರೆ ತಂಡದವರು. ಗುಜರಾತ್ ಇನ್ನೂ ಭಾರತಕ್ಕೆ ಆಡದ ವೇಗಿ ಕಾಶ್ವಿ ಗೌತಮ್‌ಗೆ 2 ಕೋಟಿ ಕೊಟ್ಟಿತು (ಗಾಯದಿಂದ ಅವರು ಆ ಸೀಸನ್ ಆಡಲೇ ಇಲ್ಲ). ಕರ್ನಾಟಕದ ವೃಂದಾ ದಿನೇಶ್ 1.30 ಕೋಟಿಗೆ ಯುಪಿ ಪಾಲಾದರು. ಆರ್‌ಸಿಬಿಯ ಅತಿ ದೊಡ್ಡ ಖರೀದಿ 60 ಲಕ್ಷದ್ದು, ಎಡಗೈ ಸ್ಪಿನ್ನರ್ ಏಕ್ತಾ ಬಿಷ್ಟ್. ಉಳಿದಂತೆ ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಜಾರ್ಜಿಯಾ ವೇರ್‌ಹ್ಯಾಮ್ 40 ಲಕ್ಷ. ಅದೇ ದೇಶದ ಎಡಗೈ ಸ್ಪಿನ್ನರ್ ಸೋಫಿ ಮೊಲಿನ್ಯೂ, ಕೇಟ್ ಕ್ರಾಸ್, ಎಸ್. ಮೇಘನಾ, ಸಿಮ್ರನ್ ಬಹಾದ್ದೂರ್ ತಲಾ 30 ಲಕ್ಷ. ಶುಭಾ ಸತೀಶ್ 10 ಲಕ್ಷ. ಏಳು ಮಂದಿಗೆ 2.30 ಕೋಟಿ, ಅದರಲ್ಲಿ 1.30 ಕೋಟಿ ಮೂವರು ಸ್ಪಿನ್ನರ್‌ಗಳಿಗೆ. 1.05 ಕೋಟಿ ಖರ್ಚಾಗದೆ ಉಳಿಯಿತು. ಕೈಯಲ್ಲಿ ದುಡ್ಡಿದ್ದೂ ಸುಮ್ಮನೆ ಕೂರುವುದು ಹರಾಜಿನ ಮೇಜಿನಲ್ಲಿ ಸುಲಭದ ಕೆಲಸವಲ್ಲ.

ಈಗ ಜೋಡಣೆ ನೋಡಿ. ಶ್ರೇಯಾಂಕಾ ಆಫ್ ಸ್ಪಿನ್, ಆಶಾ ಲೆಗ್ ಸ್ಪಿನ್, ಮೊಲಿನ್ಯೂ ಎಡಗೈ ಸ್ಪಿನ್, ವೇರ್‌ಹ್ಯಾಮ್ ಇನ್ನೊಂದು ಲೆಗ್ ಸ್ಪಿನ್. ಚೆಂಡು ಎರಡೂ ಕಡೆ ತಿರುಗುತ್ತದೆ. ಕ್ರೀಸಿನಲ್ಲಿ ಎಡಗೈಯವರಿರಲಿ ಬಲಗೈಯವರಿರಲಿ, ಬ್ಯಾಟಿನಿಂದ ಆಚೆ ಹೋಗುವ ಎಸೆತ ಹಾಕಲು ಒಬ್ಬರು ಇದ್ದೇ ಇರುತ್ತಾರೆ. ವಿದೇಶಿಯರ ನಾಲ್ಕು ಜಾಗದ ಲೆಕ್ಕವೂ ಸರಿಯಾಯಿತು. 2023ರ ಆರಂಭದ ನಾಲ್ವರು ಡಿವೈನ್, ಪೆರ್ರಿ, ನೈಟ್, ಶುಟ್. 2024ಕ್ಕೆ ಡಿವೈನ್, ಪೆರ್ರಿ, ಮೊಲಿನ್ಯೂ, ವೇರ್‌ಹ್ಯಾಮ್. ನಾಲ್ವರೂ ಬೌಲ್ ಮಾಡುತ್ತಾರೆ, ನಾಲ್ವರೂ ಬ್ಯಾಟ್ ಹಿಡಿಯುತ್ತಾರೆ. ರೇಣುಕಾ, ಶ್ರೇಯಾಂಕಾ, ಆಶಾ ಸೇರಿ ಏಳು ಬೌಲರ್‌ಗಳು. ಒಬ್ಬರಿಗೆ ಹೊಡೆತ ಬಿದ್ದರೆ ಒಂದು ಓವರ್‌ಗೇ ನಿಲ್ಲಿಸಿ ಚೆಂಡನ್ನು ಇನ್ನೊಬ್ಬರ ಕೈಗೆ ಕೊಡುವ ಸೌಕರ್ಯ ನಾಯಕಿಗೆ ಬಂತು. ನೈಟ್ ಹಿಂದೆ ಸರಿದಾಗ ದಕ್ಷಿಣ ಆಫ್ರಿಕಾದ ಆಲ್‌ರೌಂಡರ್ ನದೀನ್ ಡಿ ಕ್ಲರ್ಕ್ ಅವರನ್ನು ಸೇರಿಸಿಕೊಂಡರು.

ಎರಡು ಸೀಸನ್‌ಗಳ ನಡುವೆ ಕಾಣದೆ ನಡೆದ ಇನ್ನೊಂದು ಕೆಲಸವಿದೆ. ಶ್ರೇಯಾಂಕಾ ಆ ಹನ್ನೊಂದು ತಿಂಗಳು ಆಟದಲ್ಲೇ ಇದ್ದರು. 2023ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ಎಮರ್ಜಿಂಗ್ ಏಷ್ಯಾ ಕಪ್‌ನಲ್ಲಿ ಆತಿಥೇಯರ ವಿರುದ್ಧ 2 ರನ್‌ಗೆ 5 ವಿಕೆಟ್, ಟೂರ್ನಿಯ ಶ್ರೇಷ್ಠ ಆಟಗಾರ್ತಿ ಗೌರವ. ಆಮೇಲೆ ಗಯಾನಾ ತಂಡದ ಪರ ವೆಸ್ಟ್ ಇಂಡೀಸ್‌ನ ಮಹಿಳಾ ಸಿಪಿಎಲ್, ಆ ಲೀಗ್‌ಗೆ ಆಯ್ಕೆಯಾದ ಮೊದಲ ಭಾರತೀಯರು ಅವರೇ. ಡಿಸೆಂಬರ್‌ನಲ್ಲಿ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಭಾರತದ ಪರ ಪದಾರ್ಪಣೆ. ಹತ್ತು ಲಕ್ಷಕ್ಕೆ ಕೊಂಡ ಹುಡುಗಿ 2024ಕ್ಕೆ ಬಂದಾಗ ಅಂತರರಾಷ್ಟ್ರೀಯ ಬೌಲರ್ ಆಗಿದ್ದರು, ಬೆಲೆ ಮಾತ್ರ ಅದೇ ಹತ್ತು ಲಕ್ಷ. ಉಳಿಸಿಕೊಂಡವರಿಗೆ ಹಳೆಯ ಬೆಲೆಯೇ ಮುಂದುವರಿಯುವ ಪದ್ಧತಿಯಿಂದ ಲಾಭ ಪಡೆದದ್ದು ತಂಡ, ಆಟಗಾರ್ತಿಯಲ್ಲ. ಈ ಲೀಗ್‌ನಲ್ಲಿ ನಿಜವಾಗಿ ಅಗ್ಗದ ಸರಕು ಎಂದರೆ ಇದೇ, ಎರಡು ಹರಾಜುಗಳ ನಡುವೆ ಬೆಳೆದ ಆಟಗಾರ್ತಿ.

2024: ಎರಡು ರನ್, ಒಂದು ರನ್, ಐದು ರನ್

ಸೀಸನ್ ಸಲೀಸಾಗಿ ಸಾಗಲಿಲ್ಲ. ಮೊದಲ 11 ಪಂದ್ಯಗಳು ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ, ಉಳಿದವು ದೆಹಲಿಯಲ್ಲಿ. ಫೆಬ್ರುವರಿ 24ರಂದು ಯುಪಿ ವಿರುದ್ಧ ಎರಡು ರನ್‌ಗಳ ಗೆಲುವು. ಆಶಾ 22ಕ್ಕೆ 5, ಡಬ್ಲ್ಯುಪಿಎಲ್‌ನಲ್ಲಿ ಭಾರತೀಯ ಬೌಲರ್ ಒಬ್ಬರ ಮೊದಲ ಐದು ವಿಕೆಟ್ ಸಾಧನೆ. ಗುಜರಾತ್ ವಿರುದ್ಧ ಎಂಟು ವಿಕೆಟ್ ಗೆಲುವು: ರೇಣುಕಾ 14ಕ್ಕೆ 2, ಮೊಲಿನ್ಯೂ 25ಕ್ಕೆ 3. ಆಮೇಲೆ ದೆಹಲಿಗೂ ಮುಂಬೈಗೂ ಸೋಲು, ಯುಪಿ ವಿರುದ್ಧ ಮಂದಾನ 80 ಹೊಡೆದು ಮತ್ತೊಂದು ಗೆಲುವು. ಬೆಂಗಳೂರಿನಲ್ಲಿ ಐದರಲ್ಲಿ ಮೂರು.

ದೆಹಲಿಗೆ ಹೋದ ಮೇಲೆ ಮೊದಲೆರಡೂ ಸೋಲು. ಮಾರ್ಚ್ 10ರಂದು ದೆಹಲಿ ವಿರುದ್ಧ ಕೊನೆಯ ಎಸೆತಕ್ಕೆ ರಿಚಾ ರನ್‌ಔಟ್ ಆಗಿ ಒಂದು ರನ್‌ನಿಂದ ಕೈತಪ್ಪಿತು. ಏಳು ಪಂದ್ಯ, ಆರು ಅಂಕ. ಕೊನೆಯ ಲೀಗ್ ಪಂದ್ಯದಲ್ಲಿ ಮುಂಬೈಯನ್ನು 113ಕ್ಕೆ ಉರುಳಿಸಿದ್ದು ಪೆರ್ರಿ: 15 ರನ್‌ಗೆ 6 ವಿಕೆಟ್, ಆಮೇಲೆ ಅಜೇಯ 40. ಈ ಒಂದು ಪಂದ್ಯದಲ್ಲಿ ದುಬಾರಿ ಆಟಗಾರ್ತಿ ತನ್ನ ಬೆಲೆ ತೀರಿಸಿದರು. ಸ್ಪಿನ್ನರ್‌ಗಳ ಕಥೆ ಹೇಳುವ ಭರದಲ್ಲಿ ಇದನ್ನು ಮುಚ್ಚಿಡುವಂತಿಲ್ಲ. 347 ರನ್‌ಗಳೊಂದಿಗೆ ಆರೆಂಜ್ ಕ್ಯಾಪ್ (ಸೀಸನ್‌ನಲ್ಲಿ ಅತಿ ಹೆಚ್ಚು ರನ್ ಮಾಡಿದವರಿಗೆ) ಕೂಡ ಪೆರ್ರಿಯದ್ದೇ.

ಮಾರ್ಚ್ 15ರ ಎಲಿಮಿನೇಟರ್‌ನಲ್ಲಿ, ಅಂದರೆ ಗೆದ್ದವರು ಫೈನಲ್‌ಗೆ ಹೋಗುವ ಪಂದ್ಯದಲ್ಲಿ, ಜೋಡಣೆಯ ಫಲ ಸ್ಪಷ್ಟವಾಗಿ ಕಂಡಿತು. ಪೆರ್ರಿಯ 66ರ ಬಲದಿಂದ ಆರ್‌ಸಿಬಿ 135. ಮುಂಬೈಗೆ ಕೊನೆಯ 18 ಎಸೆತದಲ್ಲಿ 20 ರನ್ ಬೇಕು, ಹರ್ಮನ್‌ಪ್ರೀತ್ ಕೌರ್ ಕ್ರೀಸಿನಲ್ಲಿ. ಯಾವ ನಾಯಕಿಯಾದರೂ ಇಲ್ಲಿ ವೇಗಿಗಳತ್ತ ನೋಡುತ್ತಾರೆ. ಮಂದಾನ ಕೊನೆಯ ಮೂರೂ ಓವರ್ ಸ್ಪಿನ್ನರ್‌ಗಳಿಗೇ ಕೊಟ್ಟರು. 18ನೇ ಓವರ್‌ನಲ್ಲಿ ಶ್ರೇಯಾಂಕಾ ನಾಲ್ಕೇ ರನ್ ಕೊಟ್ಟು ಹರ್ಮನ್‌ಪ್ರೀತ್ ವಿಕೆಟ್ ತೆಗೆದರು. 19ನೆಯದರಲ್ಲಿ ಮೊಲಿನ್ಯೂ ಮತ್ತೆ ನಾಲ್ಕು ರನ್, ಒಂದು ಸ್ಟಂಪಿಂಗ್. ಕೊನೆಯ ಓವರ್‌ಗೆ 12 ಬೇಕಿದ್ದಾಗ ಆಶಾ ಕೊಟ್ಟದ್ದು ಆರು. ಐದು ರನ್‌ಗಳ ಗೆಲುವು.

ಎಂಟನೇ ಓವರ್

ಎರಡು ದಿನದ ಬಳಿಕ ಫೈನಲ್, ದೆಹಲಿಯಲ್ಲೇ ದೆಹಲಿಯ ವಿರುದ್ಧ. ಹಿಂದಿನ ವರ್ಷದ ಮೊದಲ ಪಂದ್ಯದ ಪುನರಾವರ್ತನೆಯಂತೆ ಶುರುವಾಯಿತು: ಏಳು ಓವರ್‌ಗೆ ದೆಹಲಿ ವಿಕೆಟ್ ಬೀಳದೆ 64, ಶಫಾಲಿ ವರ್ಮಾ 27 ಎಸೆತದಲ್ಲಿ 44. 2023ರ ಆರ್‌ಸಿಬಿ ಆಗಿದ್ದರೆ ಇಲ್ಲಿಂದ ದೆಹಲಿಗೆ 180 ದಾಟಲು ಬಿಟ್ಟುಬಿಡುತ್ತಿತ್ತು.

ಎಂಟನೇ ಓವರ್‌ಗೆ ಮೊಲಿನ್ಯೂ. ಮೊದಲ ಎಸೆತಕ್ಕೆ ಶಫಾಲಿ, ಮೂರನೆಯದಕ್ಕೆ ಜೆಮಿಮಾ ರಾಡ್ರಿಗಸ್, ನಾಲ್ಕನೆಯದಕ್ಕೆ ಅಲೀಸ್ ಕ್ಯಾಪ್ಸಿ. 64ಕ್ಕೆ 3. ಆ ನಂತರ ದೆಹಲಿಗೆ ಉಸಿರು ಬಿಡಲು ಅವಕಾಶವೇ ಸಿಗಲಿಲ್ಲ. ನಾಯಕಿ ಮೆಗ್ ಲ್ಯಾನಿಂಗ್ ಅವರನ್ನು ಶ್ರೇಯಾಂಕಾ ಕೆಡವಿದರು, ಮರಿಝಾನ್ ಕಾಪ್ ಮತ್ತು ಜೆಸ್ ಜೊನಾಸೆನ್ ಅವರನ್ನು ಆಶಾ ಒಂದೇ ಓವರ್‌ನಲ್ಲಿ ಕಳುಹಿಸಿದರು. 49 ರನ್ ಅಂತರದಲ್ಲಿ ಹತ್ತೂ ವಿಕೆಟ್ ಬಿದ್ದು 18.3 ಓವರ್‌ಗಳಲ್ಲಿ 113ಕ್ಕೆ ಎಲ್ಲರೂ ಔಟ್. ಶ್ರೇಯಾಂಕಾ 12ಕ್ಕೆ 4, ಮೊಲಿನ್ಯೂ 20ಕ್ಕೆ 3, ಆಶಾ 14ಕ್ಕೆ 2, ಮಿಕ್ಕಿದ್ದು ರನ್‌ಔಟ್. ಬೌಲರ್‌ಗಳ ಖಾತೆಗೆ ಬಂದ ಒಂಬತ್ತೂ ವಿಕೆಟ್ ಸ್ಪಿನ್ನರ್‌ಗಳದ್ದು. ಗುರಿ ಸಣ್ಣದಾದರೂ ಪಿಚ್ ನಿಧಾನವಾಗಿತ್ತು, ಆತುರ ಬೇಡ ಎಂದು ಡಿವೈನ್ (32), ಮಂದಾನ (31), ಪೆರ್ರಿ (ಅಜೇಯ 35) ಎಳೆದುಕೊಂಡು ಹೋದರು. ಮೂರು ಎಸೆತ ಉಳಿದಿರುವಾಗ ರಿಚಾ ಬೌಂಡರಿ ಹೊಡೆದು ಮುಗಿಸಿದರು. ‘ಈ ಸಲ ಕಪ್ ನಮ್ದೇ’ ಎಂದು ಹದಿನಾರು ವರ್ಷ ಪುರುಷರ ತಂಡಕ್ಕಾಗಿ ಕೂಗಿದ ಊರಿಗೆ ಮೊದಲ ಕಪ್ ತಂದವರು ಎರಡನೇ ವರ್ಷದ ಹೆಣ್ಣುಮಕ್ಕಳು. ಬಹುಮಾನ 6 ಕೋಟಿ.

ಸೀಸನ್‌ನ ಲೆಕ್ಕ: ಶ್ರೇಯಾಂಕಾ ಎಂಟು ಪಂದ್ಯಗಳಲ್ಲಿ 13 ವಿಕೆಟ್, ಅತಿ ಹೆಚ್ಚು ವಿಕೆಟ್‌ಗೆ ಕೊಡುವ ಪರ್ಪಲ್ ಕ್ಯಾಪ್. ಆಶಾ 12. ಮೊಲಿನ್ಯೂ 12. ಮೂವರ ಬೆಲೆ 10, 10, 30, ಒಟ್ಟು 50 ಲಕ್ಷ. 13.50 ಕೋಟಿ ಮಿತಿಯ ನೂರಕ್ಕೆ ನಾಲ್ಕು ಭಾಗವೂ ಆಗದ ದುಡ್ಡಿಗೆ 37 ವಿಕೆಟ್.

ದುಬಾರಿ ನಾಲ್ವರಿಗೆ ಕೊಟ್ಟದ್ದು ದಂಡ ಎಂದು ಇದರಿಂದ ಅರ್ಥೈಸಿದರೆ ತಪ್ಪು. ಮಂದಾನ ಆ ವರ್ಷ 300 ರನ್ ಮಾಡಿದರು, ಪೆರ್ರಿಯ ಲೆಕ್ಕ ಆಗಲೇ ಹೇಳಿದ್ದೇವೆ. ವಿಷಯ ಇಷ್ಟೇ: ಹೆಸರಾಂತ ಬ್ಯಾಟರ್‌ಗಳು ಐದೂ ತಂಡಗಳಲ್ಲಿ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗಿರುತ್ತಾರೆ. ಅಲ್ಲಿ ಒಬ್ಬರನ್ನೊಬ್ಬರು ಮೀರಿಸುವುದು ಕಷ್ಟ. ವ್ಯತ್ಯಾಸ ಬೀಳುವುದು ಪಟ್ಟಿಯ ಕೆಳಭಾಗದಲ್ಲಿ. ಸಹ ಸದಸ್ಯ ದೇಶದ ಐದನೆಯವರು ಇಲ್ಲದಿದ್ದರೆ ಆಡುವ ಹನ್ನೊಂದರಲ್ಲಿ ಏಳು ಮಂದಿ ಭಾರತೀಯರಿರಲೇಬೇಕು, ಆ ಏಳರಲ್ಲಿ ಐದನೆಯವರು, ಆರನೆಯವರು, ಏಳನೆಯವರು ಯಾರು ಎಂಬಲ್ಲಿ. ವೇಗದ ಬೌಲರ್‌ಗಳು ದೇಶಿ ಮಹಿಳಾ ಕ್ರಿಕೆಟ್‌ನಲ್ಲಿ ವಿರಳ, ಸ್ಪಿನ್ನರ್‌ಗಳು ಬೇಕಾದಷ್ಟು. ಬೇಕಾದಷ್ಟು ಇರುವ ಸರಕಿಗೆ ಹರಾಜಿನಲ್ಲಿ ಬೆಲೆ ಏರುವುದಿಲ್ಲ. ಆದರೆ ಅದರೊಳಗೆ ಒಳ್ಳೆಯದನ್ನು ಆರಿಸಿ ತೆಗೆಯಲು ದೇಶಿ ಪಂದ್ಯಗಳನ್ನು ಕೂತು ನೋಡಿದ ಕಣ್ಣು ಬೇಕು. 32 ವರ್ಷ ದಾಟಿದ, ಭಾರತಕ್ಕೆ ಒಮ್ಮೆಯೂ ಆಡದ ಲೆಗ್ ಸ್ಪಿನ್ನರ್‌ಗೆ ಕೊನೆಯ ಓವರ್ ಕೊಡುವ ಧೈರ್ಯ ಅಂಕಿ-ಅಂಶದ ಹಾಳೆಯಿಂದ ಬರುವುದಲ್ಲ.

ಮರುವರ್ಷ ಅದೇ ಕಂಬ ಬಿತ್ತು

2025ಕ್ಕೆ ಹೊರಡುವಾಗ ಆರ್‌ಸಿಬಿ ಗೆದ್ದ ತಂಡವನ್ನು ಬಹುತೇಕ ಹಾಗೆಯೇ ಇಟ್ಟುಕೊಂಡಿತು. ಯುಪಿಯಿಂದ ಡ್ಯಾನಿ ವ್ಯಾಟ್-ಹಾಜ್ ಅವರನ್ನು ವರ್ಗಾಯಿಸಿಕೊಂಡಿತು. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೇ ನಡೆದ ಹರಾಜಿನಲ್ಲಿ ಉತ್ತರಾಖಂಡದ ಲೆಗ್ ಸ್ಪಿನ್ನರ್ ಪ್ರೇಮಾ ರಾವತ್‌ಗೆ 1.20 ಕೋಟಿ ಕೊಟ್ಟಿತು. ಎರಡು ವರ್ಷದ ಹಿಂದೆ ಅಂಥ ಲೆಗ್ ಸ್ಪಿನ್ನರ್‌ಗೆ 10 ಲಕ್ಷ ಸಾಕಾಗಿತ್ತು. ಎಲ್ಲರೂ ಪಾಠ ಕಲಿತಿದ್ದರು.

ಆದರೆ ಸೀಸನ್ ಶುರುವಾಗುವ ಹೊತ್ತಿಗೆ ಮೊಲಿನ್ಯೂ ಮೊಣಕಾಲು ನೋವಿನಿಂದ ಹೊರಗೆ. ಆಶಾ ಗಾಯದಿಂದ ಹೊರಗೆ. ಶ್ರೇಯಾಂಕಾ ಗಾಯದಿಂದ ಹೊರಗೆ. 37 ವಿಕೆಟ್ ತೆಗೆದ ಮೂವರಲ್ಲಿ ಒಬ್ಬರೂ ಇಲ್ಲ. ಡಿವೈನ್ ವಿಶ್ರಾಂತಿ ಬಯಸಿದರು, ಕ್ರಾಸ್ ಕೂಡ ಲಭ್ಯರಿರಲಿಲ್ಲ. ಬದಲಿಗೆ ಚಾರ್ಲಿ ಡೀನ್, ಸ್ನೇಹ ರಾಣಾ, ಕಿಮ್ ಗಾರ್ತ್, ಹೀದರ್ ಗ್ರಹಾಂ ಬಂದರು. ಒಬ್ಬೊಬ್ಬರೂ ಒಳ್ಳೆಯ ಬೌಲರ್‌ಗಳೇ. ಆದರೆ ಡೀನ್, ರಾಣಾ ಇಬ್ಬರೂ ಆಫ್ ಸ್ಪಿನ್ನರ್‌ಗಳು, ಎಡಗೈ ಸ್ಪಿನ್ನರ್‌ನ ಜಾಗಕ್ಕೂ ಆಫ್ ಸ್ಪಿನ್ನರ್ ಬಂದಂತಾಯಿತು. ಆಶಾ ಜಾಗಕ್ಕೆ ತೆಗೆದುಕೊಂಡದ್ದು ವಿಕೆಟ್‌ಕೀಪರ್ ನುಝತ್ ಪರ್ವೀನ್ ಅವರನ್ನು. ಎರಡೂ ಕಡೆ ತಿರುಗುವ ದಾಳಿ ಎಂಬ ಲೆಕ್ಕ ಮುರಿಯಿತು.

ಆರಂಭ ಮೋಸ ಮಾಡಿತು. ಫೆಬ್ರುವರಿ 14ರಂದು ವಡೋದರದಲ್ಲಿ ಗುಜರಾತ್‌ನ 201ನ್ನು ಬೆನ್ನಟ್ಟಿ ಲೀಗ್‌ನ ದಾಖಲೆ ಗೆಲುವು, ರಿಚಾ 27 ಎಸೆತದಲ್ಲಿ ಅಜೇಯ 64. ಆ ಸಂಭ್ರಮದಲ್ಲಿ 201 ಕೊಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ದೆಹಲಿಯ ವಿರುದ್ಧವೂ ಗೆದ್ದರು. ಆಮೇಲೆ ಐದು ಸೋಲು ಸಾಲಾಗಿ. ಬೆಂಗಳೂರಿನ ನಾಲ್ಕೂ ಪಂದ್ಯ ಸೋತರು, ಅದರಲ್ಲಿ ಯುಪಿ ವಿರುದ್ಧದ್ದು ಡಬ್ಲ್ಯುಪಿಎಲ್‌ನ ಮೊದಲ ಸೂಪರ್ ಓವರ್. ಮಾರ್ಚ್ 8ರಂದು ಲಖನೌದಲ್ಲಿ ಯುಪಿ 225 ಬಾರಿಸಿತು, ಆರ್‌ಸಿಬಿ 12 ರನ್ ಹಿಂದೆ ಬಿತ್ತು. ಎಂಟರಲ್ಲಿ ಮೂರು ಗೆಲುವು, ನಾಲ್ಕನೇ ಸ್ಥಾನ.

ಅಗ್ಗದ ಖರೀದಿಯ ಮೇಲೆ ನಿಂತ ಯೋಜನೆಗೆ ಇರುವ ಅಪಾಯ ಇದೇ. ಮೂವರನ್ನು 50 ಲಕ್ಷಕ್ಕೆ ಪಡೆದಾಗ ತಂಡ ಉಳಿಸಿದ್ದು ಕೋಟಿಗಳನ್ನು. ಆ ಉಳಿತಾಯದಲ್ಲಿ ಒಂದು ಪಾಲು ಅದೇ ಬಗೆಯ ಎರಡನೇ ಬೌಲರ್‌ಗಳನ್ನು ಬೆಂಚಿನಲ್ಲಿ ಬೆಳೆಸಲು ಹೋಗಬೇಕಿತ್ತು. ವರ್ಷಕ್ಕೆ ಮೂರು–ನಾಲ್ಕು ವಾರ ನಡೆಯುವ ಲೀಗ್‌ನಲ್ಲಿ ಬೆಂಚು ಬೆಳೆಯುವುದಿಲ್ಲ. ಎಂಟು ಪಂದ್ಯದಲ್ಲಿ ಪ್ರಯೋಗಕ್ಕೆ ಜಾಗವಿಲ್ಲ. ಬೆಳೆಯುವುದು ಉಳಿದ ಹನ್ನೊಂದು ತಿಂಗಳಲ್ಲಿ, ರಾಜ್ಯ ತಂಡಗಳ ನೆಟ್ಸ್‌ನಲ್ಲಿ, ಫ್ರಾಂಚೈಸಿಯ ಕೈಗೆ ಸಿಗದ ಜಾಗದಲ್ಲಿ. ಜೊತೆಗೆ, ಹೆಸರಾದ ಕೂಡಲೇ ಈ ಬೌಲರ್‌ಗಳ ಮೇಲೆ ಭಾರತ ತಂಡದ ಪಂದ್ಯಗಳ ಹೊರೆಯೂ ಬೀಳುತ್ತದೆ. ಆಶಾ 2024ರ ಮೇ ತಿಂಗಳಲ್ಲಿ, 33ನೇ ವಯಸ್ಸಿನಲ್ಲಿ, ಬಾಂಗ್ಲಾದೇಶದಲ್ಲಿ ಭಾರತದ ಪರ ಮೊದಲ ಪಂದ್ಯ ಆಡಿದರು. ಅದೇ ವರ್ಷ ಅವರೂ ಶ್ರೇಯಾಂಕಾ ಕೂಡ ಟಿ20 ವಿಶ್ವಕಪ್‌ಗೆ ಹೋದರು.

ಬೆಲೆ ಸರಿಹೋದ ದಿನ

2025ರ ನವೆಂಬರ್‌ನಲ್ಲಿ ಎಲ್ಲ ತಂಡಗಳೂ ಹೊಸದಾಗಿ ಕಟ್ಟಬೇಕಾದ ದೊಡ್ಡ ಹರಾಜು ಬಂತು, ಮಿತಿ 15 ಕೋಟಿ. ಆರ್‌ಸಿಬಿ ಹರಾಜಿಗೆ ಮುನ್ನ ಉಳಿಸಿಕೊಂಡದ್ದು ನಾಲ್ವರನ್ನು: ಮಂದಾನ 3.50 ಕೋಟಿ, ರಿಚಾ 2.75, ಪೆರ್ರಿ 2, ನಾಲ್ಕನೆಯವರಾಗಿ ಶ್ರೇಯಾಂಕಾ 60 ಲಕ್ಷ. 2023ರ ದುಬಾರಿ ನಾಲ್ವರಲ್ಲಿ ಮೂವರು ಅವರೇ, ಒಂದು ಹೆಸರು ಮಾತ್ರ ಬದಲು.

ಆ ಬದಲಾದ ಹೆಸರು, ಅಂದು 1.50 ಕೋಟಿಯ ರೇಣುಕಾ ಸಿಂಗ್, ಹರಾಜಿನಲ್ಲಿ 60 ಲಕ್ಷಕ್ಕೆ ಗುಜರಾತ್‌ಗೆ ಹೋದರು. ಅಂದು ಮೂಲಬೆಲೆಗೆ, 10 ಲಕ್ಷಕ್ಕೆ, ಬಂದಿದ್ದ ಆಶಾ ಶೋಭನಾ ಅವರನ್ನು ಯುಪಿ ವಾರಿಯರ್ಸ್ ಕೊಂಡದ್ದು 1.10 ಕೋಟಿಗೆ.